ಸ್ವೋರ್ಡ್ಸ್‌ನಲ್ಲಿ ತಯಾರಾದ ರಷ್ಯನ್ ಸಿನಿಮಾ

ಕೊರೊನಾ ಕಾಲದಲ್ಲಿ ಡಬ್ಲಿನ್ ಸುತ್ತಲಿನ ನಾವು ನಾಲ್ಕೈದು ಕನ್ನಡ ಸಂಸಾರಗಳು ಶನಿವಾರ ಸಂಜೆ ವಿಡಿಯೋ ಕಾಲ್‌ನಲ್ಲಿ ಸೇರಿ ಸಿನಿಮಾ ನೋಡುತ್ತಿದ್ದೆವು. ಯಾವ ಸಿನಿಮಾ ಎಂದು ತೀರ್ಮಾನಿಸುವವರು ಲೆಪರ್ಡ್ಸ್‌ಟೌನ್‌ನ ಒಬ್ಬ ಹಿರಿಯರು. ಅವರನ್ನು ಮೇಷ್ಟ್ರು ಎನ್ನುತ್ತಿದ್ದೆವು. ಪಾಠ ಮಾಡಿದ್ದು ಯಾವ ಶಾಲೆಯಲ್ಲೂ ಅಲ್ಲ, ನಮ್ಮ ಮೇಲೆಯೇ. ಆ ಚಳಿಗಾಲ ಅವರ ತಲೆಗೆ ರಷ್ಯಾ ಹೊಕ್ಕಿತು. ಹಳೆಯ ದೊಡ್ಡ ಚಿತ್ರಗಳಲ್ಲ. ಈಗಿನ ಹುಡುಗ ಹುಡುಗಿಯರು ಕೈಯಲ್ಲಿ ಕಾಸಿಲ್ಲದೆ, ಫೋನಿನಲ್ಲೇ, ಮನೆಯವರನ್ನೇ ನಿಲ್ಲಿಸಿ ತೆಗೆದು ಇಂಟರ್ನೆಟ್ಟಿಗೆ ಬಿಟ್ಟ ಪ್ರಯೋಗಗಳು. ಒಂದರಲ್ಲಿ ಮುದುಕಿಯೊಬ್ಬಳು ಆಲೂಗಡ್ಡೆ ಸುಲಿದಳು, ಸುಲಿಯುತ್ತಲೇ ಇದ್ದಳು. ಇನ್ನೊಂದರಲ್ಲಿ ಖಾಲಿ ಟ್ರಾಮ್ ಬಂತು, ಹೋಯಿತು. ನನಗೆ ಇಷ್ಟವಾಗುತ್ತಿದ್ದವು, ಆಣೆಗೂ. ಇಷ್ಟವಾಗದ್ದು ಮೇಷ್ಟ್ರ ವಿವರಣೆ: "ಇದು ಮೌನ ಅಲ್ಲಮ್ಮಾ, ರಷ್ಯಾದ ಆತ್ಮ!" ಅವರ ಹೆಂಡತಿ, ನಮ್ಮೆಲ್ಲರ ಆಂಟಿ, ಪಕ್ಕದಲ್ಲಿ ಸೊಪ್ಪು ಸೋಸುತ್ತಾ ಆಕಳಿಸುತ್ತಿದ್ದರು.

ನನಗೆ ತಡೆಯಲಾಗಲಿಲ್ಲ. ನಾನೇ ಒಂದು ರಷ್ಯನ್ ಸಿನಿಮಾ ತೆಗೆದೆ.

ನಾಯಕ ನನ್ನ ಗಂಡ. ಆಗ ಅವನ ಅಮ್ಮ ಮೈಸೂರಿನಲ್ಲಿ, ಮಗಳ ಮನೆಯಲ್ಲಿ, ಸೊಂಟದ ಆಪರೇಷನ್ ಆಗಿ ಮಲಗಿದ್ದರು. ಹೋಗಲೆಂದು ಮಾಡಿಸಿದ ಟಿಕೆಟ್ ಎರಡು ಸಲ ರದ್ದಾಗಿತ್ತು. ಹೇಗಿದ್ದೀಯ ಎಂದು ಯಾರು ಕೇಳಿದರೂ ಐರಿಷ್ ಜನರ ಹಾಗೆ "ಗ್ರ್ಯಾಂಡ್", ಅಂದರೆ ಚೆನ್ನಾಗಿದ್ದೇನೆ, ಎಂದುಬಿಡುತ್ತಿದ್ದ. ನನಗೂ ಅದೇ ಉತ್ತರ. ಸ್ವಲ್ಪ ನಗಿಸೋಣ ಎಂಬ ಆಸೆಯೂ ನನಗಿತ್ತು.

ನನ್ನ ಉದ್ದನೆಯ ಕೋಟು, ಕಿವಿ ಮುಚ್ಚುವ ಟೋಪಿ, ಮಾಸ್ಕ್ ಹಾಕಿಸಿ, ಕಸದ ಬಿನ್ ತಳ್ಳಿಕೊಂಡು ಹಿತ್ತಲ ಗೋಡೆಯವರೆಗೆ ಹೋಗಿ ಆಕಾಶ ನೋಡುತ್ತಾ ನಿಲ್ಲು ಎಂದೆ. ಸ್ವೋರ್ಡ್ಸ್‌ನಲ್ಲಿ, ಡಬ್ಲಿನ್ ವಿಮಾನ ನಿಲ್ದಾಣಕ್ಕೆ ಅಂಟಿದ ನಮ್ಮ ಊರಲ್ಲಿ, ತಲೆಯ ಮೇಲೆಯೇ ಇಳಿಯುತ್ತಿದ್ದ ವಿಮಾನಗಳು ಆಗ ಅಪರೂಪ. ಫೋನನ್ನು ಅಡುಗೆಮನೆ ಕಿಟಕಿಗೆ ಒರಗಿಸಿ, ಸಾರಿಗೆ ಒಗ್ಗರಣೆ ಹಾಕಲು ಹೋದವಳು ಅವನನ್ನು ಮರೆತೇಬಿಟ್ಟೆ. "ಇನ್ನೂ ನಿಂತಿರ್ಬೇಕೇನೇ?" ಎಂದು ಅವನು ಕೂಗಿದಾಗಲೇ ನೆನಪಾದದ್ದು. ಆ ಕೂಗನ್ನು ಕತ್ತರಿಸಿ, ಬಣ್ಣ ತೆಗೆದು, ಚಿತ್ರದ ಶುರುವಿಗೆ ರಷ್ಯನ್ ಅಕ್ಷರಗಳನ್ನು ಅಂಟಿಸಿದೆ. ಪೂರ್ತಿ ನೋಡುವ ತಾಳ್ಮೆ ನನಗೆಲ್ಲಿ?

ಶನಿವಾರ, ಸೈಬೀರಿಯಾದ ಹೊಸ ಹುಡುಗಿಯೊಬ್ಬಳ ಚಿತ್ರ ಎಂದು ಹೇಳಿ ಹಾಕಿದೆ. ಚಟಪಟ ಸದ್ದು ಬಂದಾಗ ಮೇಷ್ಟ್ರು ಕಣ್ಣು ಮುಚ್ಚಿದರು. "ಕೇಳಿ, ಹಿಮ ಬಿರಿಯೋ ಸದ್ದು!"

"ಸಾಸಿವೆ ಸಿಡಿದಂಗೈತಲ್ರೀ," ಎಂದರು ಆಂಟಿ.

"ನೀನು ಸುಮ್ನಿರು ಮಾರಾಯ್ತಿ."

ನಾನು ಮೈಕ್ ಮುಚ್ಚಿ ಬಿದ್ದೂ ಬಿದ್ದೂ ನಕ್ಕೆ. ಪಕ್ಕದಲ್ಲಿ ಕೂತ ಗಂಡ ನಗಲಿಲ್ಲ. ಪರದೆಯ ಮೇಲೆ, ನಮಗೆ ಬೆನ್ನು ಹಾಕಿ ನಿಂತವನ ಭುಜ ಅಲುಗುತ್ತಿತ್ತು. ಚಳಿಗಿರಬೇಕು ಅಂದುಕೊಂಡೆ. ಆಮೇಲೆ ಅವನು ನನ್ನ ಕೋಟಿನ ತೋಳಿನಿಂದ ಕಣ್ಣೊರೆಸಿಕೊಂಡ.

"ಅಯ್ಯೋ, ಅಳ್ತಾವ್ನೆ ಕಣ್ರೀ," ಎಂದು ಆಂಟಿ ಸೊಪ್ಪು ಕೆಳಗಿಟ್ಟರು. "ಆಕಾಶನೇ ನೋಡ್ತಾವ್ನೆ, ಊರಿಗೆ ಹೋಗ್ಬೇಕೇನೋ, ಪಾಪ. ಕೊನೆಗಾದ್ರೂ ಹೋಗ್ತಾನಾ?"

ಮೇಷ್ಟ್ರು ವಿವರಣೆಗೆಂದು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ನನ್ನ ಗಂಡ ಕೈಚಾಚಿ ಮೈಕ್ ತೆರೆದ. "ಹೋಗ್ತಾನೆ ಆಂಟಿ. ವಿಮಾನ ಬಿಟ್ಟ ದಿನಾನೇ."

"ನಿಂಗೆ ಹೆಂಗಪ್ಪಾ ಗೊತ್ತು?"

"ಅದು ನಾನೇ."

ಮೇಷ್ಟ್ರು ಕನ್ನಡಕ ತೆಗೆದು ಒರೆಸತೊಡಗಿದರು. ಸಾಸಿವೆಯ ಮಾತೆತ್ತಿ ಮೇಷ್ಟ್ರನ್ನು ಹಂಗಿಸಲು ಆಂಟಿಗೆ ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ಅವರು ಎತ್ತಲಿಲ್ಲ. ಕ್ಯಾಮೆರಾದ ಹತ್ತಿರಕ್ಕೆ ಬಂದು, "ಅಮ್ಮ ಹೆಂಗವ್ರಪ್ಪಾ?" ಎಂದು ಕೇಳಿದರು.

ಗ್ರ್ಯಾಂಡ್ ಎನ್ನುತ್ತಾನೆ ಎಂದುಕೊಂಡೆ.

"ದಿನಾ ಕೇಳ್ತಾಳೆ ಆಂಟಿ, ನಾಳೆ ಬರ್ತೀಯಾ ಅಂತ," ಎಂದ. "ದಿನಾ ಹೂಂ ಅಂತೀನಿ."