ಗೋಪಮ್ಮನ ಕುದುರೆಯಿಲ್ಲದ ಸವಾರಿ

ದೇವದುರ್ಗದ ಗೋಪಮ್ಮ ಜೀವಮಾನದಲ್ಲಿ ಕುದುರೆ ಹತ್ತಿದವಳಲ್ಲ. ಆದರೂ ದಿನಾ ಬೆಳಿಗ್ಗೆ ಕಚ್ಚೆ ಬಿಗಿದು, ಬಾಗಿಲೊಳಗಿನ ಮರದ ದಿಮ್ಮಿಯ ಮೇಲೆ ಆಚೆಗೊಂದು ಈಚೆಗೊಂದು ಕಾಲು ಹಾಕಿ ಸವಾರನಂತೆ ಕೂರುತ್ತಾಳೆ. ದಿಮ್ಮಿಯ ಮುಂದಿನ ತುದಿಯಲ್ಲಿ ಕುದುರೆಯ ಬೆನ್ನಿಗೆ ಹಾಕುವ ಜೀನಿನ ಅಚ್ಚು. ಅದಕ್ಕೆ ಬಿಗಿದ ಹಸಿ ತೊಗಲು. ಅಚ್ಚನ್ನು ಮೊಣಕಾಲ ನಡುವೆ ಅವುಚಿಕೊಂಡು, ಉಳಿ ಕೊಡತಿ ಹಿಡಿದು, ತೊಗಲಿನ ಮೇಲೆ ಬಳ್ಳಿ, ಗಿಳಿ ಕೆತ್ತುತ್ತಾಳೆ. ಹತ್ತು ನಿಮಿಷ ಕೂತರೆ ಕಾಲಿಗೆ ಜೋಮು ಹಿಡಿಸಿಕೊಳ್ಳುವ ನಮ್ಮಂಥವರ ಕೆಲಸವಲ್ಲ ಅದು.

ಗಂಡ ತಾಯಣ್ಣ ಮೂವತ್ತು ವರ್ಷ ಅಲ್ಲೇ, ಹಾಗೇ ಕೂತು ಕೆತ್ತಿದ. ಆಗ ಓಣಿಗೆ ಅದು ಕಸುಬಾಗಿ ಕಂಡಿತ್ತು. ಅವನ ಕೈ ನಡುಗತೊಡಗಿ, ಅಷ್ಟು ದಿನ ಅಂಚು ಹೊಲಿಯುತ್ತಿದ್ದ ಗೋಪಮ್ಮ ಉಳಿ ಹಿಡಿದದ್ದೇ ತಡ, ಅದು ಮಾನದ ಪ್ರಶ್ನೆಯಾಯಿತು. ಮಾನದ ಉಸ್ತುವಾರಿ ಎದುರು ಮನೆಯ ಮೈದುನ ಗದ್ದೆಪ್ಪನದು. ಅವನಿಗೆ ಬೇರೆ ಕೆಲಸವೂ ಅಷ್ಟಾಗಿ ಇರಲಿಲ್ಲ.

“ಅತ್ತಿಗಿ, ಹೋಗೋ ಬರೋ ಮಂದಿ ನಿಂತು ನೋಡಾಕತ್ತಾರ. ಹೆಣ್ಮಕ್ಕಳು ಹಿಂಗ ಕುಂದ್ರತಾರೇನು? ಮೇಜಿನ ಮ್ಯಾಲ ಹಾಸ್ಕೊಂಡು ಮಾಡು.”

ಗೋಪಮ್ಮ ಒಂದು ಸಲ ಮಾತು ಕೇಳಿದಳು. ತೊಗಲನ್ನು ಮೇಜಿನ ಮೇಲೆ ಚಪ್ಪಟೆ ಹಾಸಿ ಕೆತ್ತಿ, ಆಮೇಲೆ ಅಚ್ಚಿಗೆ ಎಳೆದು ಬಿಗಿದಳು. ಜೀನಿನ ಉಬ್ಬು ಏರುತ್ತಲೇ ಗಿಳಿಗಳು ಊದಿಕೊಂಡವು. ರಾಯಚೂರಿನ ಮದುವೆಗಳಿಗೆ ಕುದುರೆ ಕಳಿಸುವ ಸಲಾವುದ್ದೀನ್ ಬಂದು ನೋಡಿದ.

“ಯವ್ವಾ, ಇವು ಗಿಳಿ ಅಲ್ಲ. ಮಾನ್ವಿ ಗದ್ದಿ ಭತ್ತ ಪೂರಾ ಮುಗಿಸಿ ಬಂದ ಕೋಳಿ.”

ಇನ್ನೊಂದು ಮಾಡಿಕೊಡು, ಅದೂ ಹೀಗಾದರೆ ಹೈದರಾಬಾದಿನ ರೆಡಿಮೇಡ್ ಜೀನೇ ಗತಿ ಎಂದು ಹೇಳಿ ಹೋದ. ಉಳಿದಿದ್ದ ಗಿರಾಕಿ ಅವನೊಬ್ಬನೇ.

ಮರುದಿನ ಗೋಪಮ್ಮ ಅಚ್ಚಿಗೆ ಹೊಸ ತೊಗಲು ಬಿಗಿದು ಮತ್ತೆ ದಿಮ್ಮಿ ಹತ್ತಿದಳು. ಗದ್ದೆಪ್ಪ ತನ್ನ ಮದುವೆಯಲ್ಲಿ ಬಂದಿದ್ದ ಗುಲಾಬಿ ಹೂವಿನ ಚಾದರ ತಂದು ಅವಳ ಬಾಗಿಲಿಗೆ ಅಡ್ಡ ಕಟ್ಟಿದ. ಒಳಗೆ ಮಬ್ಬು ಕವಿಯಿತು. ಬಲ್ಬು ಹಚ್ಚಿದರೆ ಬೆಳಕು ನೆತ್ತಿಯಿಂದ ಬೀಳುತ್ತದೆ, ಗೆರೆಗೆ ನೆರಳಿರುವುದಿಲ್ಲ. ನೆರಳಿಲ್ಲದೆ ಉಬ್ಬಿನ ಮೇಲೆ ಉಳಿ ಎಷ್ಟು ಇಳಿಯಿತೆಂದು ತಿಳಿಯುವುದಿಲ್ಲ. ಇತ್ತ ತೊಗಲು ಆರತೊಡಗಿತ್ತು. ಆರಿದ ತೊಗಲು ಉಳಿಯ ಮಾತು ಕೇಳುವುದಿಲ್ಲ.

“ಚಾದರ ತಗಿ, ಗದ್ದೆಪ್ಪ.”

“ಮನಿ ಮರ್ಯಾದಿ, ಅತ್ತಿಗಿ.”

“ನಿಮ್ಮಣ್ಣ ಹಿಂಗ ಕುಂತಾಗ ಮರ್ಯಾದಿ ಎಲ್ಲಿಗೆ ಹೋಗಿತ್ತು? ಸಂತಿಗೇನು?”

ಮೂಲೆಯಲ್ಲಿ ಚಹಾ ಕುಡಿಯುತ್ತಿದ್ದ ತಾಯಣ್ಣ, “ನನ್ನ ನೋಡಾಕ ಒಬ್ಬರೂ ನಿಂದ್ರಲಿಲ್ಲ ಬಿಡು,” ಎಂದ, ಸ್ವಲ್ಪ ಬೇಸರದಿಂದಲೇ.

ಗೋಪಮ್ಮ ಇಳಿದು ಚಾದರ ಎಳೆದಳು. ಗಂಟಿನ ಸಮೇತ ಬಂತು. ದಿಮ್ಮಿಯ ಒಂದು ತುದಿ ಗಂಡನಿಗೆ ಹಿಡಿಸಿ, ಬಾಗಿಲೊಳಗೂ ಅಲ್ಲ, ಹೊರಗೆ ಓಣಿಗೇ ತಂದು, ಗದ್ದೆಪ್ಪನ ಮನೆಗೆ ಎದುರಾಗಿ ಇಟ್ಟಳು. ಚಾದರವನ್ನು ನಾಲ್ಕು ಮಡಿಕೆ ಮಾಡಿ ದಿಮ್ಮಿಗೆ ಹಾಸಿದಳು. ಕಾಲು ಹಾಕಿ ಕೂತಳು.

“ಅದು ನನ್ನ ಚಾದರ,” ಎಂದ ಗದ್ದೆಪ್ಪ.

“ಭಾಳ ಮೆತ್ತಗ ಅದ.”

ಎಳೆ ಬಿಸಿಲು ಓರೆಯಾಗಿ ತೊಗಲ ಮೇಲೆ ಬಿತ್ತು. ಕೊಡತಿ ಏಳತೊಡಗಿತು. ಉಬ್ಬಿನ ಮೇಲೆ ಮೊದಲ ಗಿಳಿ ಮೂಡಿತು. ಸಣ್ಣ ಕುತ್ತಿಗೆ, ಚೂಪು ಕೊಕ್ಕು, ಗಿಳಿಯಾಗಿಯೇ ಉಳಿಯಿತು. ಬಜಾರಕ್ಕೆ ಹೊರಟಿದ್ದ ನಾಲ್ಕು ಮಂದಿ ನಿಂತರು. ಗೋಪಮ್ಮ ತಲೆ ಎತ್ತಲಿಲ್ಲ.

“ಬಿಸಿಲಿಗೆ ಅಡ್ಡ ನಿಂದ್ರಬ್ಯಾಡ್ರಿ. ಗದ್ದೆಪ್ಪನ ಕಟ್ಟಿ ಖಾಲಿ ಅದ, ಅಲ್ಲಿ ಕುಂತು ನೋಡ್ರಿ.”