ತೂಬಿನ ಗೂಟಕ್ಕೆ ಹಿಡಿದ ಉಸಿರು

ನಾನು ನಾಕನೇ ಇಯತ್ತೆಗೆ ಪಾಟಿ ಕೆಳಗಿಟ್ಟವನು. ಅದಕ್ಕೆ ನನಗೆ ನಾಚಿಕೆ ಇಲ್ಲ. ಹಿರೇಕೆರೂರ ಕಡೆಯ ನಮ್ಮೂರಲ್ಲಿ ಯಾವ ಕೈಕೆಲಸವನ್ನೂ ಎರಡನೇ ಸಲ ಯಾರಿಂದಲೂ ಹೇಳಿಸಿಕೊಂಡು ಮಾಡಿದವನಲ್ಲ. ಕೆರೆಯ ತೂಬಿನ ಕೆಲಸವೂ ಹಂಗೇ ಕೈಗೆ ಬರುತ್ತದೆ ಅಂತ ತಿಳಿದಿದ್ದೆ.

ಆಗ ನಮ್ಮ ಕೆರೆಗೆ ಚಕ್ರ ತಿರುವಿ ನೀರು ಬಿಡುವ ಅನುಕೂಲ ಇರಲಿಲ್ಲ. ಏರಿಯ ಬುಡದಲ್ಲಿ, ಎರಡಾಳು ನೀರಿನ ಕೆಳಗೆ, ಕಲ್ಲಿನ ತೂಬು. ಅದರ ಬಾಯಿಗೆ ತೊಡೆ ಗಾತ್ರದ ಕಟ್ಟಿಗೆ ಗೂಟ ಬಡಿದಿರುತ್ತಿದ್ದರು. ಗದ್ದೆಗೆ ನೀರು ಬೇಕಾದಾಗ ಒಬ್ಬ ಮುಳುಗಿ, ಗೂಟದ ಸುತ್ತಲ ಕೆಸರು ಬಗೆದು, ಅದಕ್ಕೆ ಹಗ್ಗ ಬಿಗಿದು ಬರಬೇಕು. ಆಮೇಲೆ ಮೇಲಿದ್ದವರೆಲ್ಲ ಸೇರಿ ಜಗ್ಗುವುದು. ಇಪ್ಪತ್ತು ವರ್ಷ ಈ ಕೆಲಸ ಮಾಡಿದವನು ನನ್ನ ಸೋದರಮಾವ. ಅವನ ಮಗಳನ್ನೇ ನಾನು ಮದುವೆಯಾದೆ. ಮದುವೆಯ ಮರುವರ್ಷ ಮುಳುಗಿ ಎದ್ದಾಗ ಅವನ ಕಿವಿಯಿಂದ ರಕ್ತ ಬಂತು. "ಇನ್ನ ನೀ ನೋಡ್ಕೋ" ಅಂದುಬಿಟ್ಟ.

ಮಾವ ಮೂರು ಸಲ ಮುಳುಗಿ ಕೆಲಸ ಮುಗಿಸುತ್ತಿದ್ದ. ನಾನು ಒಂದೇ ಸಲಕ್ಕೆ ಮುಗಿಸಬೇಕು ಅಂತ ಹಟ ತೊಟ್ಟೆ. ನನಗೆ ಯಾರೂ ಹಂಗ ಮಾಡು ಅಂದಿರಲಿಲ್ಲ.

ಹೊಲದ ಬಾವಿಯಲ್ಲಿ ದಿನಾ ಮಧ್ಯಾಹ್ನ ಅಭ್ಯಾಸ ಸುರುವಾಯಿತು. ನೀರೊಳಗಿನ ಮೆಟ್ಟಿಲ ಮೇಲೆ, ತೊಡೆಯ ಮೇಲೊಂದು ಕಲ್ಲಿಟ್ಟುಕೊಂಡು ಕುಂತು ಎಣಿಸುವುದು. ಹೆಂಡತಿಯದು ಒಂದೇ ಕರಾರು: "ಹಗ್ಗ ನಿಮ್ಮ ಸೊಂಟಕ್ಕ, ತುದಿ ನನ್ನ ಕೈಯಾಗ. ನಮ್ಮವ್ವ ಅಪ್ಪಗ ಹಿಂಗ ಹಿಡಿತಿದ್ಲು."

"ಹಿಡಿ. ಆದ್ರ ನಾ ಎರಡು ಸಲ ಜಗ್ಗೋ ತನಕ ನೀ ಎಳೀಬ್ಯಾಡ."

"ಆತ್ರಿ" ಅಂದಳು.

ಎಂಬತ್ತು ಎಣಿಸುವಷ್ಟರಲ್ಲಿ ಎದೆ ಒದೆಯತೊಡಗುತ್ತಿತ್ತು. ಎಷ್ಟು ಹಲ್ಲು ಕಚ್ಚಿದರೂ ತೊಂಬತ್ತು ದಾಟಲಿಲ್ಲ. ಅಷ್ಟರಲ್ಲಿ ಬಂಕಾಪುರದ ಸಂತೆಗೆ ಹೋಗಿದ್ದೆ. ಅಲ್ಲಿ ಕಮ್ಮಾರ ತಿದಿ ಒತ್ತುತ್ತಿದ್ದ. ಒತ್ತಿದಷ್ಟೂ ಕೆಂಡ ಕೆಂಪಗಾಗುತ್ತಿತ್ತು. ನಾನೂ ಹಂಗೇ ಮುಳುಗುವ ಮೊದಲು ಭರಭರ ಉಸಿರೆಳೆದು ಬಿಟ್ಟರೆ ಹೆಂಗೆ ಅನ್ನಿಸಿತು. ಮರುದಿನ ತಲೆ ಗಿಮ್ಮೆನ್ನುವ ತನಕ ಉಸಿರಾಡಿ ಮುಳುಗಿದೆ. ನೂರಾ ಮೂವತ್ತು. ಎದೆ ಒದೆಯಲೇ ಇಲ್ಲ. ದೊಡ್ಡ ವಿದ್ಯೆ ಕಲಿತವನ ಹಾಗೆ ಮನೆ ಮುಂದೆ ಮೀಸೆ ಸವರುತ್ತ ಕುಂತೆ. ಯಾರಿಗೂ ಹೇಳಲಿಲ್ಲ.

ಮೂರನೇ ದಿನ ಇನ್ನೂ ಹೆಚ್ಚು ತಿದಿ ಒತ್ತಿ ಮುಳುಗಿದೆ. ನೂರಾ ಐವತ್ತರ ತನಕ ಎಣಿಸಿದ್ದು ನೆನಪಿದೆ. ಉಸಿರು ಬೇಕು ಅಂತ ಅನ್ನಿಸಲೇ ಇಲ್ಲ. ಮೈಯೆಲ್ಲ ಹಗುರ, ಬಾಳ ಸುಖ ಇತ್ತು.

ಕಣ್ಣು ಬಿಟ್ಟಾಗ ಮೆಟ್ಟಿಲ ಮೇಲೆ ಅಂಗಾತ ಬಿದ್ದಿದ್ದೆ. ಹೆಂಡತಿ ಕೆನ್ನೆಗೆ ಬಡಿಯುತ್ತಿದ್ದಳು. ಮಾತು ಹೊರಟ ಕೂಡಲೇ ನಾನು ಮಾಡಿದ್ದು ಜಗಳ.

"ಯಾಕ ಎಳದಿ? ನಾ ಜಗ್ಗಿದ್ನೇನು?"

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ನೀವು ಮುಳುಗಿದ ಕೂಡ್ಲೆ ನಾನೂ ಉಸಿರು ಹಿಡಿದು ನಿಲ್ತೇನ್ರಿ. ಅದ ನನ್ನ ಲೆಕ್ಕ. ಇವತ್ತು ನನ್ನ ಉಸಿರು ಮೂರು ಸಲ ಮುಗೀತು. ನಾಕನೇ ಸಲ ಹಿಡಿಯಾಕ ಧೈರ್ಯ ಆಗಲಿಲ್ಲ."

"ಮಾತು ಕೊಟ್ಟಿದ್ದಿ."

"ಬೈರಿ. ಬೈಯಾಕ ಬಾಯಿ ಉಳದೈತಲ್ಲ, ಸಾಕು."

ಮನೆಗೆ ಹೋಗಿ ಅಪ್ಪನಿಗೆ ಎಲ್ಲ ಹೇಳಿದಳು. ಮಾವ ಕೂಗಾಡುತ್ತಾನೆ ಅಂತ ಕಾದಿದ್ದೆ. ಅವನು ತಿದಿಯ ಸಂಗತಿಯನ್ನು ನನ್ನಿಂದ ಎರಡು ಸಲ ಕೇಳಿ ತಿಳಿದುಕೊಂಡು, ಎಲೆಗೆ ಸುಣ್ಣ ಹಚ್ಚುತ್ತ ಕುಂತ.

"ಎದಿ ಒದಿಯೋದು ಯಾಕ ಅಂತ ತಿಳದಿ?" ಅಂದ. "ಮ್ಯಾಲೆ ಬಾ ಅಂತ ಕರಿಯಾಕತ್ತಿರ್ತದ. ನೀ ತಿದಿ ಒತ್ತಿ ಅದರ ಬಾಯಿ ಮುಚ್ಚಿದಿ. ನನ್ನ ಜೋಡಿ ಮುಳುಗೋನೊಬ್ಬ ಹಿಂಗ ಮಾಡ್ತಿದ್ದ. ತಳದಾಗ ಮಲಗಿದೋರಂಗ ಸಿಕ್ಕ."

ಆ ರಾತ್ರಿ ಊಟ ಸೇರಲಿಲ್ಲ. ಸಾಯುತ್ತಿದ್ದೆ ಅನ್ನುವುದಕ್ಕಿಂತ, ಸಾಯುತ್ತಿದ್ದುದು ನನಗೆ ಗೊತ್ತೇ ಆಗಿರಲಿಲ್ಲ ಅನ್ನುವುದು ಹೆದರಿಸಿತು.

ಅಭ್ಯಾಸ ಬಿಡಲಿಲ್ಲ, ತಿದಿ ಬಿಟ್ಟೆ. ಎರಡು ಉಸಿರು ನಿಧಾನ ಎಳೆದುಕೊಂಡು ಇಳಿಯುವುದು, ಎದೆ ಒದ್ದ ಕೂಡಲೇ ಏಳುವುದು. ಒಂದು ಸಲ ಎದ್ದರೆ ಉಸಿರು ತಣ್ಣಗಾಗುವ ತನಕ ಮತ್ತೆ ಇಳಿಯುವ ಹಂಗಿಲ್ಲ. ಅದಕ್ಕೆ ಹೆಂಡತಿ ಒಪ್ಪಬೇಕು.

ಹಸ್ತ ಮಳೆ ಕೈಕೊಟ್ಟಿತು. ಭತ್ತ ತೆನೆ ಬಿಚ್ಚುವ ಹೊತ್ತು. ಇನ್ನೆಂಟು ದಿನ ನೀರಿಲ್ಲದಿದ್ದರೆ ಊರಿಗೆಲ್ಲ ಜೊಳ್ಳೇ ಗತಿ. ಬೆಳಿಗ್ಗೆ ಏರಿಯ ಮೇಲೆ ಅರ್ಧ ಊರು ನೆರೆದಿತ್ತು. ಗಂಡಸರ ನಡುವೆ ಹೆಂಡತಿ ನನ್ನ ಸೊಂಟದ ಹಗ್ಗ ಹಿಡಿದು ನಿಂತಳು.

ಮೊದಲ ಸಲ ಗೂಟ ಕೈಗೆ ಸಿಕ್ಕಿತು ಅನ್ನುವಷ್ಟರಲ್ಲಿ ಎದೆ ಒದೆಯಿತು. ಎದ್ದೆ. ಎರಡನೇ ಸಲ ಕೆಸರು ಬಗೆದೆ, ಮೂರನೇ ಸಲವೂ ಅದೇ. ಏರಿಯ ಮೇಲಿನ ಹಿರಿಯನೊಬ್ಬ ತಡೆಯಲಾರದೆ ಅಂದ: "ಏನೋ ತಮ್ಮಾ, ಕಪ್ಪಿ ಆಡಿದಂಗ ಆಡಾಕತ್ತಿ. ನಿಮ್ಮ ಮಾವ ಇಷ್ಟೊತ್ತಿಗೆ ಮುಗಿಸಿ ಎಲಿಅಡಿಕಿ ಹಾಕ್ಕೋತಿದ್ದ."

ಮುಂಚಿನ ನಾನಾಗಿದ್ದರೆ ಆ ಮಾತಿಗೆ ಕೆಳಗೇ ಉಳಿದುಬಿಡುತ್ತಿದ್ದೆ. ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ, "ನೀವಾರ ಇಳೀರಿ ಕಾಕಾ, ನಿಮ್ಮ ಹಗ್ಗಾನೂ ನಾನ ಹಿಡಿತೇನಿ" ಅಂದಳು. ಜನ ನಕ್ಕರು. ಆ ನಗುವಿನಲ್ಲಿ ನನಗೆ ಚಲೋತ್ನಾಗಿ ಉಸಿರಾಡಿಕೊಳ್ಳಲು ಹೊತ್ತು ಸಿಕ್ಕಿತು.

ಏಳನೇ ಸಲಕ್ಕೆ ಗೂಟಕ್ಕೆ ಹಗ್ಗದ ಗಂಟು ಬಿಗಿಯಿತು. ನಾನು ಮೇಲೆ ಬಂದು ಕಲ್ಲು ಹಿಡಿದ ಮೇಲೆ ಹತ್ತು ಮಂದಿ ಜಗ್ಗಿದರು. ಏರಿಯ ಆಚೆ ಮಗ್ಗಲು ತೂಬು ಮೊದಲು ಕೆಸರು ಉಗುಳಿತು, ಆಮೇಲೆ ನೀರು ಕಾಲುವೆ ತುಂಬ ಓಡಿತು. ಜನ ಅದರ ಹಿಂದೆ ಗದ್ದೆ ಕಡೆ ಓಡಿದರು.

ಮಾವ ಹತ್ತಿರ ಬಂದು ಕುಂತ. "ಎಷ್ಟು ಸಲ ಆತು?"

"ಏಳು" ಅಂದೆ. ಹೇಳುವಾಗ ತಲೆ ತಗ್ಗಿಸಲಿಲ್ಲ.

"ಹತ್ತಾದ್ರೂ ನಡೀತಿತ್ತು" ಅಂದ.

ಹೆಂಡತಿ ನನ್ನ ಸೊಂಟದ ಗಂಟು ಬಿಚ್ಚುತ್ತಿದ್ದಳು. ನೀರಿಗೆ ನೆನೆದು ಬಿಗಿದಿದ್ದ ಗಂಟು. ಹಲ್ಲು ಹಚ್ಚಿ ಬಿಚ್ಚಿದಳು. "ರೊಟ್ಟಿ ತಂದೇನಿ, ಉಣ್ರಿ" ಅಂದಳು. ನಾಕು ರೊಟ್ಟಿ ತಿಂದು, ಬಿಸಿಲಿಗೆ ಕಾದ ಕಲ್ಲಿನ ಮೇಲೆ ಹಂಗೇ ನಿದ್ದೆ ಹೋದೆ.