ಯಾರ ಮೇಲೂ ಅನುಮಾನವಿಲ್ಲದೆ ಆಡಿಟರ್ ಹುದ್ದೆಗೆ ನಿಂತವರು

ನಿಮಗೂ ಹೀಗೆ ಆಗಿದೆಯಾ? ವರ್ಷಗಳಿಂದ ಒಬ್ಬರೇ ಮಾಡಿಕೊಂಡು ಬಂದ ಒಂದು ಕೆಲಸ ಇರುತ್ತದೆ. ಇನ್ನೊಬ್ಬರು ಎದ್ದು "ಈ ಸಲ ನಾನು ಮಾಡ್ತೀನಿ" ಎನ್ನುತ್ತಾರೆ. ಅಷ್ಟಕ್ಕೇ ಎಲ್ಲರೂ ಸುತ್ತುವರಿದು "ಯಾರ ಮೇಲೆ ಡೌಟು?" ಎಂದು ಕೇಳಲು ಶುರುಮಾಡುತ್ತಾರೆ. ನಾನೂ ಹಾಗೆ ಕೇಳಿದವಳೇ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

2018ರ ಮಾತು. ಇಲ್ಲಿ ಕೆನಡಾದಲ್ಲಿ ನಮ್ಮದೊಂದು ಪುಟ್ಟ ಕನ್ನಡ ಸಂಘ. ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ, ಆಡಿಟರ್ ಎಲ್ಲರ ಹೆಸರೂ ಫೋನಿನಲ್ಲೇ ನಿರ್ಧಾರವಾಗಿ ಒಂದು ಪ್ಯಾನೆಲ್ ಆಗುತ್ತಿತ್ತು. ವಾರ್ಷಿಕ ಸಭೆಯಲ್ಲಿ ಅದನ್ನು ಓದುತ್ತಿದ್ದರು, ನಾವು ಚಪ್ಪಾಳೆ ಹೊಡೆದು ಊಟಕ್ಕೆ ಏಳುತ್ತಿದ್ದೆವು. ಆಡಿಟರ್ ಮಾತ್ರ ಬದಲಾಗುತ್ತಲೇ ಇರಲಿಲ್ಲ. ಮೈಸೂರಿನ ರಿಟೈರ್ಡ್ ಇಂಜಿನಿಯರ್, ರಿಚ್ಮಂಡ್ ಹಿಲ್‌ನಲ್ಲಿ ಮನೆ. ನಾವು ಕೆನಡಾಕ್ಕೆ ಬಂದ ಮೊದಲ ಚಳಿಗಾಲದಲ್ಲಿ ಹಿಮ ಎತ್ತುವ ಸಲಿಕೆಯನ್ನು ಮನೆ ಬಾಗಿಲಿಗೆ ತಂದುಕೊಟ್ಟವರು ಅವರು. ಅಂಥವರ ಎದುರು ಯಾರು ನಿಲ್ಲುತ್ತಾರೆ?

ನಿಂತರು, ನಮ್ಮ ಬಡಾವಣೆ ಮಾಲ್ಟನ್‌ನವರೇ. ನನ್ನ ಮನೆಯಿಂದ ಎರಡು ಬೀದಿ ಆಚೆ ಇರುವ ಉಡುಪಿ ಕಡೆಯ ಹೆಂಗಸು. ಬೋಲ್ಟನ್‌ನ ಒಂದು ವೇರ್‌ಹೌಸಿನಲ್ಲಿ ಅವರ ಕೆಲಸ. ಗಂಡ ಟ್ರಕ್ ಓಡಿಸುತ್ತ ವಾರಗಟ್ಟಲೆ ಹೊರಗೆ, ಮಗಳು ಬೇರೆ ಊರಿನ ಯೂನಿವರ್ಸಿಟಿಯಲ್ಲಿ. ಸಂಘದ ಹಬ್ಬದೂಟಗಳ ಅಡುಗೆಗೆ ಅವರದೇ ಉಸ್ತುವಾರಿ. ನಾನೂ ಸೇರಿ ಆ ಅಡುಗೆಮನೆಯ ಏಳೆಂಟು ಹೆಂಗಸರನ್ನು ಬಿಟ್ಟರೆ ಈ ದೇಶದಲ್ಲಿ ಅವರಿಗೆ ಬಳಗ ಅಂತ ಇರಲಿಲ್ಲ.

ಒಂದು ಶನಿವಾರ ತರಕಾರಿ ತರಲು ಹೋಗುವಾಗ ಕಾರಿನಲ್ಲಿ ಹೇಳಿದರು, "ಈ ಸಲ ಆಡಿಟರಿಗೆ ನಾನು ನಿಲ್ತೇನೆ. ಪ್ಯಾನೆಲ್ ಗೀನೆಲ್ ಎಂತದೂ ಬೇಡ, ಒಬ್ಬಳೇ."

"ಯಾಕ್ರೀ? ಏನಾದ್ರೂ ಗೊತ್ತಾಯ್ತಾ?" ನನ್ನ ಕಿವಿ ನೆಟ್ಟಗಾಗಿತ್ತು.

"ಎಂತ ಗೊತ್ತಾಗುದು ಮಾರಾಯ್ರೆ? ಗೊತ್ತಿಲ್ಲ, ಅದಕ್ಕೇ ನಿಲ್ಲುದು."

ಆಮೇಲೆ ತಮ್ಮ ಕೆಲಸದ ಕ್ರಮ ವಿವರಿಸಿದರು. ವೇರ್‌ಹೌಸಿನಲ್ಲಿ ದಿನಾ ಯಾವುದಾದರೂ ಒಂದು ರ‍್ಯಾಕನ್ನು ಆರಿಸಿ ಅದರಲ್ಲಿರುವ ಡಬ್ಬಗಳನ್ನು ಮತ್ತೆ ಎಣಿಸುತ್ತಾರಂತೆ. ಹಿಂದಿನ ಸಲ ಎಣಿಸಿದವರು ಈ ಸಲ ಎಣಿಸುವ ಹಾಗಿಲ್ಲ. "ನಾನು ಎಣಿಸಿದ್ದನ್ನು ನಾಳೆ ಇನ್ನೊಬ್ಬ ಎಣಿಸ್ತಾನೆ. ನನಗೆ ಸಿಟ್ಟು ಬರ್ತದಾ? ಇಲ್ಲ. ಒಬ್ಬರದ್ದೇ ಕಣ್ಣಾದ್ರೆ ತಪ್ಪು ಕಾಣುದಿಲ್ಲ, ಅಷ್ಟೆ."

ಮಾತು ಸರಿ ಅನ್ನಿಸಿತು. ಜನ ಏನು ಹೇಳುತ್ತಾರೆ ಎಂಬ ಕುತೂಹಲಕ್ಕೆ ನಾನೂ ಪ್ರಚಾರಕ್ಕೆ ಹೊರಟೆ. ಊರ ತುಂಬ ಮುನಿಸಿಪಲ್ ಚುನಾವಣೆಯ ಬೋರ್ಡುಗಳನ್ನು ನೆಟ್ಟಿದ್ದ ಕಾಲ. ನಮ್ಮದು ಬೋರ್ಡಿಲ್ಲದ ಪ್ರಚಾರ. ಅವರ ಶಿಫ್ಟು ಮುಗಿದ ಮೇಲೆ ಸಂಜೆ ನಾಲ್ಕಕ್ಕೆ ಹೊರಟು ಮನೆಮನೆಗೆ ಹೋಗಿ, ಅಡುಗೆಮನೆಯಲ್ಲಿ ಕೂತು, ಕಾಫಿ ಕುಡಿದು ಬರುವುದು.

ಮೊದಲು ಹೋದದ್ದು ಹುಬ್ಬಳ್ಳಿ ಕಡೆಯವರ ಮನೆಗೆ. ಆ ಮನೆಯಾಕೆ ಅವಲಕ್ಕಿ ಕೊಟ್ಟು ಎದುರಿಗೇ ಕೂತರು.

"ಅಲ್ರೀ ಅಕ್ಕಾರ, ಆ ಹಿರ‍್ಯಾರು ಏನರ ಮಾಡ್ಯಾರೇನು?"

"ಇಲ್ಲಪ್ಪ. ಪಾಪ, ಒಳ್ಳೆ ಜನ."

"ಮತ್ತ್ಯಾಕ ನಿಂತೀರಿ?"

"ನೋಡ್ಲಿಕ್ಕೆ."

"ಏನ್ ನೋಡಾಕ?"

"ಲೆಕ್ಕ."

"ಲೆಕ್ಕದಾಗ ಏನೈತಿ?"

"ಅದೇ ಗೊತ್ತಿಲ್ಲ ಅಲ್ವಾ."

ಬ್ರಾಂಪ್ಟನ್‌ನಲ್ಲಿ ಅಡುಗೆ ಗುಂಪಿನದೇ ಒಬ್ಬ ಗೆಳತಿಯ ಮನೆಗೆ ಹೋದೆವು. ಅವಳು ಇವರನ್ನು ಫ್ರಿಜ್ಜಿನ ಮರೆಗೆ ಕರೆದು ಪಿಸುಗುಟ್ಟಿದಳು, "ನನಗೊಬ್ಬಳಿಗೆ ಹೇಳಿ, ಯಾರಿಗೂ ಹೇಳಲ್ಲ." ಏನೂ ಇಲ್ಲ ಎಂದರೆ ನಂಬಲಿಲ್ಲ. ಎರಡನೇ ವಾರದ ಹೊತ್ತಿಗೆ ಇವರ ಫೋನಿನಲ್ಲಿ ಏನೋ ಸಾಕ್ಷಿ ಇದೆಯಂತೆ ಎಂಬ ಸುದ್ದಿ ತಿರುಗಿ ನಮ್ಮ ಕಿವಿಗೇ ಬಂತು. ನಾನು ಕೂಡ ಒಂದು ಸಂಜೆ ಅವರ ಫೋನಿನ ಕಡೆ ಕಣ್ಣು ಹಾಯಿಸಿದೆ. ಸುಳ್ಳು ಯಾಕೆ ಹೇಳಲಿ.

ಅದಾದ ಮೇಲೆ ಅಡುಗೆ ಗುಂಪಿನ ವಾಟ್ಸಾಪು ತಣ್ಣಗಾಯಿತು. ಸಭೆಯ ದಿನದ ಊಟಕ್ಕೆ ಏನು ಮಾಡೋಣ ಎಂದು ಇವರು ಹಾಕಿದ ಮೆಸೇಜಿಗೆ ಯಾರೂ ಉತ್ತರಿಸಲಿಲ್ಲ. ಇವರನ್ನು ಬಿಟ್ಟು ಹೊಸ ಗ್ರೂಪು ಮಾಡಿಕೊಂಡಿದ್ದರು. ನನ್ನನ್ನು ಅದಕ್ಕೆ ಸೇರಿಸಿದ್ದರಿಂದ ನನಗೆ ಗೊತ್ತಾಯಿತು. ಹೇಳಲೋ ಬೇಡವೋ ಎಂದು ಒದ್ದಾಡಿ ಹೇಳಿಬಿಟ್ಟೆ.

ಅವರು ತಮ್ಮ ಫೋನು ತೆಗೆದು ಹಳೆ ಗ್ರೂಪನ್ನು ಒಮ್ಮೆ ನೋಡಿದರು. "ಎಲ್ಲರೂ ಇದ್ದಾರಾ ಅದರಲ್ಲಿ?"

"ಎಲ್ಲರೂ."

"ಹ್ಞೂಂ." ಆಮೇಲೆ, "ಒಂದು ಮನೆ ಬಾಕಿ ಉಂಟು. ಬರ್ತೀರಾ?"

ಬಾಕಿ ಇದ್ದದ್ದು ಆಡಿಟರ್ ಮನೆ. ಎದುರಾಳಿಯ ಹತ್ತಿರವೇ ವೋಟು ಕೇಳಲು ಹೋಗುವುದೇ? ನಾನು ಬೇಡ ಎಂದೆ. "ಯಾಕೆ, ಅವರು ಮೆಂಬರ್ ಅಲ್ವಾ?" ಎಂದು ಶೂ ಹಾಕಿಕೊಂಡರು.

ಹಿರಿಯರು ಬಾಗಿಲು ತೆಗೆದು ಕೂರಿಸಿದರು. ಅವರ ಹೆಂಡತಿ ಕಾಫಿ ತಂದರು. ಹವಾಮಾನ, ರಸ್ತೆ, ಮಂಡಿನೋವು ಎಲ್ಲ ಮುಗಿಯಿತು.

"ಏನಮ್ಮಾ, ನನ್ನ ಮೇಲೆ ಅನುಮಾನವಂತೆ?"

"ನಾನು ಲೆಕ್ಕ ನೋಡಲೇ ಇಲ್ಲ ಸರ್. ನೋಡದೆ ಅನುಮಾನ ಉಂಟು ಅಂತ ಹೇಗೆ ಹೇಳುದು? ಇಲ್ಲ ಅಂತಲೂ ಹೇಗೆ ಹೇಳುದು?"

ನನಗೆ ಕಾಫಿ ನೆತ್ತಿಗೇರಿತು. ಹಿರಿಯರ ಮುಖ ಕೆಂಪಾಗಿತ್ತು. "ಇಷ್ಟು ವರ್ಷದಲ್ಲಿ ಒಬ್ಬರೂ ಒಂದು ಪ್ರಶ್ನೆ ಕೇಳಿಲ್ಲಮ್ಮ."

"ಅದೇ ನನಗೆ ಬೇಜಾರು ಸರ್. ಯಾರೂ ಕೇಳದಿದ್ರೆ ನೀವು ಸರಿಯಾಗಿ ಮಾಡಿದ್ದು ಯಾರಿಗೆ ಗೊತ್ತಾಗ್ತದೆ?"

ಹಿರಿಯರ ಹೆಂಡತಿ ಬಿಸ್ಕತ್ತಿನ ತಟ್ಟೆಯನ್ನು ಇವರ ಕಡೆ ಇನ್ನಷ್ಟು ಸರಿಸಿದರು. ಹೊರಡುವಾಗ ಹಿರಿಯರು, "ನನ್ನ ವೋಟು ನನಗೇ ಹಾಕ್ಕೋತೀನಮ್ಮ" ಎಂದರು. "ಆಯ್ತು ಸರ್, ಕೇಳಿದ್ದು ಅಷ್ಟೆ" ಎಂದು ಇವರು ಕೈಮುಗಿದರು.

ಸಭೆ ನಡೆದದ್ದು ಬಾಡಿಗೆಗೆ ಹಿಡಿದ ಶಾಲೆಯ ಜಿಮ್ಮಿನಲ್ಲಿ, ಅಂದರೆ ಒಳಾಂಗಣ ಆಟದ ಹಾಲಿನಲ್ಲಿ. ಅಧ್ಯಕ್ಷರು ಪ್ಯಾನೆಲ್ ಓದಿ "ಎಲ್ಲರ ಒಪ್ಪಿಗೆ ಇದೆ ತಾನೇ?" ಎಂದಾಗ ಇವರು ಎದ್ದು ನಿಂತರು. ವೋಟಿಂಗಿಗೆ ಚೀಟಿ ಮಾಡಿರಲಿಲ್ಲ. ಮಾಡುವ ಸಂದರ್ಭವೇ ಬಂದಿರಲಿಲ್ಲ. ಕೈ ಎತ್ತಿ ಎಂದರು, ಒಂದು ಕುಟುಂಬಕ್ಕೆ ಒಂದು ಕೈ.

ಹಿರಿಯರ ಹೆಸರು ಹೇಳಿದ ಕೂಡಲೇ ಸಾಲುಸಾಲಾಗಿ ಎದ್ದವು, ಎಲ್ಲ ಗಂಡಸರ ಕೈ. ನನ್ನ ಪಕ್ಕದಲ್ಲಿ ನನ್ನ ಗಂಡನದೂ ಎದ್ದಿತು. "ರೀ" ಎಂದೆ. "ಸಲಿಕೆ ಕೊಟ್ಟವರು ಕಣೆ" ಎಂದರು. ನಮ್ಮ ದಡ್ಡತನ ನನಗೆ ಹೊಳೆದದ್ದು ಆಗ. ಮೂರು ವಾರ ನಾವು ಮಾತಾಡಿದ್ದು ಹೆಂಗಸರ ಜೊತೆ, ಗಂಡಸರು ಆಫೀಸಿನಿಂದ ಬರುವ ಮೊದಲೇ ಎದ್ದು ಬರುತ್ತಿದ್ದೆವು. ಊರೆಲ್ಲ ಸುತ್ತಿದ ನಾನು ಸ್ವಂತ ಮನೆಯಲ್ಲಿ ವೋಟು ಕೇಳಿಯೇ ಇರಲಿಲ್ಲ.

ಇವರ ಹೆಸರು ಹೇಳಿದಾಗ ಎದ್ದದ್ದು ನಾಲ್ಕೈದು ಕೈ. ಆಗ ಮುಂದಿನ ಸಾಲಿನಲ್ಲಿ ಆಡಿಟರ್ ಹೆಂಡತಿ ಕೈ ಎತ್ತಿದರು.

"ಅಮ್ಮಾ, ನಿಮ್ಮ ಮನೇದು ಆಗೋಯ್ತು," ಅಧ್ಯಕ್ಷರು ಮೈಕಿನಲ್ಲೇ ಹೇಳಿದರು.

"ಗೊತ್ತಪ್ಪ. ಬರ‍್ಕೋಬೇಡ."

ಕೈ ಮಾತ್ರ ಇಳಿಸಲಿಲ್ಲ. ಹಿಂದಿನಿಂದ ಇನ್ನೊಂದು ಎದ್ದಿತು, ಮತ್ತೊಂದು. ನಾನೂ ಎತ್ತಿದೆ. ಕಾರ್ಯದರ್ಶಿ ಅವನ್ನು ಎಣಿಸಲಿಲ್ಲ, ಫಲಿತಾಂಶ ಬರೆದುಕೊಂಡು ಕೂತರು. ಇವರು ಸೋತರು.

ಊಟಕ್ಕೆ ಎಲ್ಲರೂ ಎದ್ದಾಗ ಇವರು ಕೋಟು ಹಾಕಿಕೊಂಡು ಬಾಗಿಲ ಹತ್ತಿರ ನಿಂತಿದ್ದರು. ಕರೆಯದ ಅಡುಗೆಮನೆಗೆ ಹೋಗಲೂ ಆಗದು, ಅತಿಥಿಯ ಹಾಗೆ ತಟ್ಟೆ ಹಿಡಿದು ನಿಲ್ಲಲೂ ಆಗದು. ಕೋಟಿನ ಜಿಪ್ಪನ್ನು ಅರ್ಧಕ್ಕೆ ಏರಿಸಿ, ಮತ್ತೆ ಇಳಿಸುತ್ತಿದ್ದರು.

ಬ್ರಾಂಪ್ಟನ್ ಗೆಳತಿ ಸೌಟು ಹಿಡಿದೇ ಬಂದಳು. "ಎಲ್ಲಿಗ್ ಹೊರಟ್ರಿ? ಸಾರು ಏನೋ ಆಗೋಗಿದೆ, ಬನ್ನಿ."

"ಹೊಸ ಗ್ರೂಪಲ್ಲಿ ಕೇಳಿ."

"ಆಮೇಲೆ ಬೈರಿ. ಜನ ಕ್ಯೂ ನಿಂತಿದ್ದಾರೆ."

ಇವರು ನನ್ನ ಮುಖ ನೋಡಿದರು. ಕೋಟು ಬಿಚ್ಚಿ ನನ್ನ ಕೈಗೆ ಕೊಟ್ಟು ಒಳಗೆ ಹೋದರು. ಒಳಗಿನಿಂದ "ಇದಕ್ಕೆ ಹುಣಿಸೆ ಹಾಕಿದ್ದು ಯಾರು ಮಾರಾಯ್ರೆ?" ಎಂಬ ದನಿ ಕೇಳಿಸಿತು, ಒಂದಿಬ್ಬರು ನಕ್ಕದ್ದೂ ಕೇಳಿಸಿತು. ಎಲ್ಲರೂ ನಗಲಿಲ್ಲ. ಒಬ್ಬರಂತೂ ಮುಂದಿನ ಯುಗಾದಿಯವರೆಗೆ ಇವರ ಜೊತೆ ಮಾತಾಡಲಿಲ್ಲ. 2019ರಲ್ಲಿ ಇವರು ಮತ್ತೆ ನಿಂತರು, ಮತ್ತೆ ಸೋತರು, ಮತ್ತೆ ಸಾರು ಮಾಡಿದರು.

ನಿಮ್ಮ ಸಂಘದಲ್ಲಿ, ಅಪಾರ್ಟ್‌ಮೆಂಟಿನಲ್ಲಿ, ದೇವಸ್ಥಾನದ ಕಮಿಟಿಯಲ್ಲಿ ಹೀಗೆ ಒಬ್ಬರೇ ನಿಂತವರು ಇದ್ದಾರಾ? ನೀವೇ ನಿಂತಿದ್ದೀರಾ? ಕೆಳಗೆ ಬರೆಯಿರಿ. ಎಷ್ಟು ವೋಟು ಬಂತು ಎನ್ನುವುದು ನನಗೆ ಬೇಡ. ಸೋತ ಮೇಲೆ ಮೊದಲು ಬಂದು ಮಾತಾಡಿಸಿದವರು ಯಾರು, ಏನು ಹೇಳಿದರು, ಅದನ್ನು ಬರೆಯಿರಿ.